ಮಣ್ಣಿಗೆ ಏನು ಬೆರೆಸಿದ್ರಿ?

ಹೋದ ವರ್ಷ ಬೆಂಗಳೂರಿನ ಒಂದು ಗ್ಯಾಲರಿಗೆ ಕಲಾವಿದೆಯೊಬ್ಬರ ಮಾತು ಕೇಳಲು ಹೋಗಿದ್ದೆ. ಶನಿವಾರ ಸಂಜೆ. ಮೂವತ್ತು ಜನ ಇದ್ದಿರಬಹುದು, ಅರ್ಧಕ್ಕರ್ಧ ಅವರ ಗೆಳೆಯರೇ. ಅವರು ಹಸಿ ಮಣ್ಣಿನಲ್ಲಿ ಆಳೆತ್ತರದ ಒಂದು ಗೋಡೆ ಕಟ್ಟಿದ್ದರು. ಸುಟ್ಟಿದ್ದಲ್ಲ, ಸುಮ್ನೆ ಒಣಗಿಸಿದ್ದು. ಗೋಡೆ ತುಂಬಾ ಬಿರುಕು. ಪರದೆಯ ಮೇಲೆ ಒಂದೊಂದೇ ಚಿತ್ರ ತೋರಿಸುತ್ತಾ ಇಂಗ್ಲಿಷಿನಲ್ಲಿ ಮಾತಾಡಿದರು. ಆ ಬಿರುಕುಗಳು ಊರು ಬಿಟ್ಟು ಬಂದವರ ನೆನಪಿನ ಗುರುತು ಅಂದರು. ನೆಲ, ದೇಹ, ಗಡಿ ಎಲ್ಲಾ ಬಂತು. ಚೆನ್ನಾಗಿಯೇ ಮಾತಾಡಿದರು, ನಾನೂ ಎರಡು ಸಾಲು ಬರೆದುಕೊಂಡೆ. ಪ್ರಶ್ನೆ ಕೇಳಬಹುದು ಅಂದಾಗ ಹಿಂದಿನ ಸಾಲಿನಿಂದ ಹಿರಿಯರೊಬ್ಬರು ಎದ್ದರು. ಬಿಳಿ ಅಂಗಿ, ಕೈಯಲ್ಲಿ ಬಟ್ಟೆ ಚೀಲ. ಮಗಳ ಜೊತೆ ಬಂದವರು. ಮೈಕ್ ಬೇಡ ಅಂತ ಕೈ ಆಡಿಸಿ ಜೋರಾಗಿಯೇ ಕೇಳಿದರು: "ಮೇಡಂ, ಮಣ್ಣಿಗೆ ಏನು ಬೆರೆಸಿದ್ರಿ?"

ಒಂದಿಬ್ಬರು ನಕ್ಕರು. ಕಲಾವಿದೆ ನಗಲಿಲ್ಲ. "ಹೊಟ್ಟು ಸರ್, ಭತ್ತದ ಹೊಟ್ಟು" ಅಂದರು, ಕನ್ನಡದಲ್ಲಿ. ಎಷ್ಟು ದಿನ ಕೊಳೆಯಲು ಬಿಟ್ರಿ ಅಂತ ಇವರು. ಎರಡು ದಿನ ಅಂತ ಅವರು. "ಸಾಲದು ಕಣಮ್ಮ. ಒಂದು ವಾರನಾದ್ರೂ ಬೇಕು. ದಿನಾ ತುಳೀತಾ ಇರಬೇಕು. ಇಲ್ದಿದ್ರೆ ಸೀಳದೆ ಏನು ಮಾಡುತ್ತೆ?" ಮೇಡಂ ಯಾವಾಗ ಕಣಮ್ಮ ಆದರೋ ಗೊತ್ತಾಗಲಿಲ್ಲ. ಕಲಾವಿದೆ ಕೈಯಲ್ಲಿದ್ದ ರಿಮೋಟ್ ಕೆಳಗಿಟ್ಟರು. "ಮೊದಲನೇ ಗೋಡೆ ಬಿದ್ದೇ ಹೋಯ್ತು ಸರ್. ಎರಡನೇದು ಅರ್ಧ ಉಳೀತು. ಆಗ ಇನ್ನು ಹನ್ನೊಂದು ದಿನ ಇತ್ತು ಅಷ್ಟೇ. ಮೂರನೇದೂ ಸೀಳಿದಾಗ ಅದರ ಮುಂದೆ ಕೂತು ಅತ್ತುಬಿಟ್ಟೆ. ಅಳ್ತಾ ಅಳ್ತಾ ನೋಡ್ತಿದ್ದೆ. ಆಮೇಲೆ, ಇದೇ ಇರಲಿ ಅನ್ನಿಸ್ತು." ಹೀಗೆ ಹೇಳುವಾಗ ಅವರ ಎರಡೂ ಅಂಗೈ ಗಾಳಿಯಲ್ಲಿ ಗೋಡೆ ಸವರುತ್ತಿದ್ದವು. ಅಲ್ಲಿವರೆಗಿನ ನಲವತ್ತು ನಿಮಿಷದಲ್ಲಿ ಅವರ ಕೈ ಒಂದು ಸಲವೂ ಅಲುಗಾಡಿದ್ದು ನನಗೆ ನೆನಪಿಲ್ಲ.

ಮನೆಗೆ ಬರುವಾಗ ಮೆಟ್ರೋದಲ್ಲಿ ಮೊದಲು ಅನ್ನಿಸಿದ್ದು, ಸಿಕ್ಕಿಬಿದ್ದರಲ್ಲ ಅಂತ. ಊರು ಬಿಟ್ಟವರ ನೆನಪು ಅಂದಿದ್ದು ಆಮೇಲೆ ಹಚ್ಚಿದ ಬಣ್ಣ, ನಿಜವಾಗಿ ಅದು ಸರಿಯಾಗಿ ಕೊಳೆಯದ ಮಣ್ಣು. ಎರಡು ಸ್ಟೇಷನ್ ದಾಟುವ ಹೊತ್ತಿಗೆ ಈ ಯೋಚನೆ ಸಣ್ಣತನ ಅನ್ನಿಸಿತು. ಮೂರು ಗೋಡೆ ಕಟ್ಟಿದವರು ಅವರು. ಸೀಳಿದ ಗೋಡೆಯ ಮುಂದೆ ಕೂತಾಗ ಬೇರೆ ಏನೋ ಕಂಡಿರಬಹುದು. ಸುಳ್ಳು ಅಂತೂ ಹೇಳಿಲ್ಲ. ಆದರೆ ನಾವು ಕೇಳಿದ್ದರೆ ಅಳು ಬಂದ ಕತೆ ಬರುತ್ತಿರಲಿಲ್ಲ. ನಾವು, ಅಂದರೆ ಇಂಥ ಮಾತುಗಳಿಗೆ ತಪ್ಪದೆ ಹೋಗುವವರು. ನನ್ನ ಪ್ರಶ್ನೆಯೂ ತಯಾರಿತ್ತು: ಈ ವಿಷಯ ನಿಮ್ಮನ್ನು ಯಾಕೆ ಕಾಡಿತು? ಅವರು ಚೆಂದದ ಉತ್ತರ ಕೊಡುತ್ತಿದ್ದರು, ನಾನು ಬರೆದುಕೊಂಡು ಬರುತ್ತಿದ್ದೆ.

ಯಾರನ್ನು ಏನು ಕೇಳುತ್ತೇವೆ

ಅವತ್ತಿನಿಂದ ಒಂದು ಕಾಯಿಲೆ ಅಂಟಿಕೊಂಡಿದೆ. ಕಲೆ, ಕಸಬು ಮಾಡುವವರ ಜೊತೆ ಯಾರಾದರೂ ಮಾತಾಡುತ್ತಿದ್ದರೆ ಉತ್ತರಕ್ಕಿಂತ ಪ್ರಶ್ನೆಯನ್ನೇ ಜಾಸ್ತಿ ಗಮನಿಸುತ್ತೇನೆ. ಪಾತ್ರೆ ತೊಳೆಯುವಾಗ ಯೂಟ್ಯೂಬ್ ಸಂದರ್ಶನ ಹಚ್ಚಿಕೊಳ್ಳುವ ಚಟ ನನಗೆ ಮೊದಲಿಂದಲೂ ಇದೆ. ಈಗ ಅಲ್ಲೂ ಅದೇ ಕಾಣುತ್ತದೆ. ಗ್ಯಾಲರಿಯಲ್ಲಿ ಕೆಲಸ ಇಡುವವರನ್ನು ಯಾಕೆ ಅಂತ ಕೇಳುತ್ತೇವೆ. ಮೇಳದಲ್ಲಿ ಮಳಿಗೆ ಹಾಕಿದವರನ್ನು ಹೇಗೆ ಅಂತ ಕೇಳುತ್ತೇವೆ. ಒಬ್ಬರಿಗೆ ಮನಸ್ಸಿದೆ, ಇನ್ನೊಬ್ಬರಿಗೆ ಕೈ ಇದೆ ಅಂತ ನಾವೇ ಹಂಚಿಬಿಟ್ಟ ಹಾಗೆ. ಚನ್ನಪಟ್ಟಣದ ಆಟಿಕೆ ಮಾಡುವವರ ಮುಂದೆ ನಿಂತರೆ ನಮ್ಮ ಬಾಯಲ್ಲಿ ಬರುವುದು ಎರಡೇ: ಇದಕ್ಕೆ ಎಷ್ಟು ಹೊತ್ತು ಬೇಕು, ಇದಕ್ಕೆ ಎಷ್ಟು. ತಿರುಗುವ ಕಟ್ಟಿಗೆಗೆ ಅರಗಿನ ಕಡ್ಡಿ ಒತ್ತಿದಾಗ ಆ ಬಿಸಿಗೇ ಅರಗು ಕರಗಿ ಬಣ್ಣ ಹತ್ತುವುದನ್ನು ಬಾಯಿ ಬಿಟ್ಟು ನೋಡುತ್ತೇವೆ, ವಿಡಿಯೋ ಮಾಡಿಕೊಳ್ಳುತ್ತೇವೆ. ಹಸಿರಿನ ಪಕ್ಕ ಹಳದಿ ಯಾಕೆ ಇಟ್ರಿ ಅಂತ ಯಾರೂ ಕೇಳಲ್ಲ. ಅದನ್ನು ಅವರೇ ತೀರ್ಮಾನಿಸಿದ್ದು ಅನ್ನುವುದೇ ನಮಗೆ ಹೊಳೆಯಲ್ಲ, ಅಲ್ವಾ?

ಇಂಥ ಕಾರ್ಯಕ್ರಮಗಳ ಕನ್ನಡ ಕರಪತ್ರದಲ್ಲಿ ಸೃಜನಶೀಲ ಪ್ರಕ್ರಿಯೆ ಅಂತ ಹಾಕಿರುತ್ತಾರೆ. ಕೆಲಸ ಮಾಡುವ ಒಬ್ಬರ ಬಾಯಲ್ಲೂ ನಾನು ಆ ಮಾತು ಕೇಳಿಲ್ಲ. ಅವರು ಹದ ಅನ್ನುತ್ತಾರೆ. ಹದ ಬಂತು, ಹದ ತಪ್ಪಿತು, ಹದ ಮೀರಿತು. ಮೈಸೂರು ಪಾಕಿಗೂ ಅದೇ ಮಾತು, ಚರ್ಮಕ್ಕೂ ಅದೇ, ಉಳುವ ಹೊಲಕ್ಕೂ ಅದೇ. ಹೇಗೆ ಮಾಡಬೇಕು ಅನ್ನುವುದೂ ಎಲ್ಲಿ ನಿಲ್ಲಿಸಬೇಕು ಅನ್ನುವುದೂ ಆ ಒಂದು ಮಾತಿನಲ್ಲೇ ಇದೆ.

ಕಲಾವಿದೆ ಶೀಲಾ ಗೌಡರ ಕೆಲಸದ ಬಗ್ಗೆ ಓದುವಾಗ, ಚಿತ್ರ ನೋಡುವಾಗ ಇದು ಇನ್ನೂ ಸ್ಪಷ್ಟವಾಯಿತು. ಭದ್ರಾವತಿಯಲ್ಲಿ ಹುಟ್ಟಿ, ಬೆಂಗಳೂರಿನ ಕೆನ್ ಕಲಾ ಶಾಲೆ, ಶಾಂತಿನಿಕೇತನ, ಲಂಡನ್‌ನಲ್ಲಿ ಕಲಿತವರು. ಚಿತ್ರ ಬರೆಯುವುದನ್ನು ಕಲಿತವರು 1990ರ ದಶಕದಲ್ಲಿ ಸಗಣಿಗೆ ಕೈ ಹಾಕಿದರು. ಇಟಲಿಯ ದೊಡ್ಡ ಕಲಾ ಪ್ರದರ್ಶನ ವೆನಿಸ್ ಬಿಯೆನಾಲೆಯಲ್ಲಿ 2009ರಲ್ಲಿ ಅವರದೊಂದು ಕೆಲಸ ಇತ್ತು. ಕೂದಲಿನಿಂದ ಹೊಸೆದ ಹಗ್ಗ, ಸುಮಾರು 4 ಕಿಲೋಮೀಟರ್ ಉದ್ದ. ಅದರಲ್ಲಿ ಸಿಕ್ಕಿಸಿದ 20 ಕಾರಿನ ಬಂಪರ್‌ಗಳು ಗೋಡೆಗೆ ತೂಗುಬಿದ್ದಿವೆ. ಹೊರಗಿನವರಿಗೆ ಇದು ಒಗಟು. ನಮಗೆ ಅಲ್ಲ. ದೃಷ್ಟಿ ಆಗದಿರಲಿ ಅಂತ ಆಟೋಗೆ, ಲಾರಿಗೆ, ಹೊಸ ಕಾರಿಗೆ ಕಟ್ಟುವ ಕಪ್ಪು ಕೂದಲ ಹಗ್ಗ ನಾವು ಟ್ರಾಫಿಕ್ಕಿನಲ್ಲಿ ನಿಂತು ಎಷ್ಟು ಸಲ ನೋಡಿಲ್ಲ! ಹರಕೆಗೆ ಮುಡಿ ಕೊಡುತ್ತಾರೆ. ಉದ್ದದ ಒಳ್ಳೆ ಕೂದಲು ವಿಗ್ಗಿಗೆ ಹೋಗುತ್ತದೆ, ಗಿಡ್ಡದ್ದು ಹಗ್ಗಕ್ಕೆ. ಈ ಕೆಲಸದ ಮುಂದೆ ನಿಂತು ಏನಿದರ ಅರ್ಥ ಅಂತ ಕೇಳುವುದಕ್ಕಿಂತ ಇಷ್ಟು ಕೂದಲು ಎಲ್ಲಿಂದ ತಂದ್ರಿ ಅಂತ ಕೇಳುವುದು ವಾಸಿ. ಆ ಉತ್ತರದಲ್ಲೇ ದೇವಸ್ಥಾನ ಇದೆ, ವ್ಯಾಪಾರ ಇದೆ, ಭಯ ಇದೆ, ಬೆಂಗಳೂರಿನ ರಸ್ತೆ ಇದೆ. ಮಣ್ಣಿನ ಗೋಡೆಯ ತಾತ ಅಲ್ಲಿದ್ದಿದ್ದರೆ ಅದನ್ನೇ ಕೇಳುತ್ತಿದ್ದರು.

ಕರಿ ಕಾಣಬೇಕು

ಹಾಗಂತ ಹೇಗೆ ಅಂತ ಕೇಳಿದ ಕೂಡಲೇ ಒಳಗಿನ ಮಾತೆಲ್ಲ ಹೊರಗೆ ಬಂದುಬಿಡುತ್ತೆ ಅಂತಲೂ ಅಲ್ಲ. ಈ ವರ್ಷ ಜನವರಿಯಲ್ಲಿ ಬೀದರಿಗೆ ಹೋಗಿದ್ದೆ. ಅಲ್ಲಿ ಪಾಠ ಮಾಡುವ ಗೆಳೆಯ ಚೌಬಾರಾ ಹತ್ತಿರದ ಗಲ್ಲಿಯೊಂದರಲ್ಲಿ ಬಿದರಿ ಕೆಲಸದ ಒಬ್ಬರ ಮನೆಗೆ ಕರೆದುಕೊಂಡು ಹೋದ. ಮುಂದಿನ ಕೋಣೆಯೇ ಕಾರ್ಖಾನೆ. ನಾವೆಲ್ಲ ಅವರನ್ನು ಚಾಚಾ ಅಂತಲೇ ಕರೆದೆವು. ನಮಗಿಂತ ಮುಂಚೆ ಒಂದು ಕಾಲೇಜಿನ ಗುಂಪು ಬಂದು ಹೋಗಿತ್ತಂತೆ. 2023ರಲ್ಲಿ ಬೀದರಿನ ಶಾ ರಶೀದ್ ಅಹ್ಮದ್ ಖಾದ್ರಿಯವರಿಗೆ ಪದ್ಮಶ್ರೀ ಬಂದಮೇಲೆ ನಾನೂ ಬಿದರಿಯ ವಿಡಿಯೋಗಳನ್ನು ಬಹಳ ನೋಡಿದ್ದೆ, ಹಾಗಾಗಿ ಚಾಚಾ ಏನು ಹೇಳುತ್ತಾರೆ ಅಂತ ಮೊದಲೇ ಗೊತ್ತಿತ್ತು. ಅವರಿಗೂ ನಾವು ಏನು ಕೇಳುತ್ತೇವೆ ಅಂತ ಗೊತ್ತಿತ್ತು. 16 ಪಾಲು ಸತು, 1 ಪಾಲು ತಾಮ್ರ. ಎರಕ ಹೊಯ್ದು, ಅರ ಹಾಕಿ ನುಣ್ಣಗೆ ಮಾಡಿ, ಮೈಲುತುತ್ತದ ನೀರು ಸವರಿ ತಾತ್ಕಾಲಿಕವಾಗಿ ಕಪ್ಪು ಮಾಡಿಕೊಳ್ಳುವುದು. ಅದರ ಮೇಲೆ ಗೀಚಿ, ಉಳಿಯಿಂದ ತೋಡಿ, ಆ ಗೀರಿನೊಳಗೆ ಬೆಳ್ಳಿ ತಂತಿ ಕೂರಿಸಿ ಬಡಿಯುವುದು. ಕೊನೆಗೆ ಕೋಟೆಯ ಮಣ್ಣು. ಬಹಳ ಕಾಲ ಬಿಸಿಲು, ಮಳೆ ಕಾಣದ ಜಾಗದ ಮಣ್ಣು. ಚಾಚಾ ಒಂದು ಡಬ್ಬಿ ತೆಗೆದು ಚಿಟಿಕೆ ಮಣ್ಣು ನಾಲಿಗೆಗೆ ಇಟ್ಟು ತಲೆ ಆಡಿಸಿದರು. ನಮ್ಮ ಮೊಬೈಲುಗಳು ಮೇಲೆ ಎದ್ದವು. ಅವರು ಇನ್ನೊಂದು ಸಲ ಇಟ್ಟುಕೊಂಡರು, ಯಾರಿಗಾದರೂ ತಪ್ಪಿದ್ದರೆ ಇರಲಿ ಅಂತ. ಗ್ಯಾಲರಿಯ ಸ್ಲೈಡುಗಳೇ ನೆನಪಾದವು.

ಚಾಚಾರ ಪಕ್ಕ ಹದಿನೇಳು ಹದಿನೆಂಟರ ಹುಡುಗನೊಬ್ಬ ಒಂದು ಹೂಜಿಯ ಕುತ್ತಿಗೆಗೆ ಅರ ಹಾಕುತ್ತಿದ್ದ. ಒಂದು ಕಡೆ ತಂತಿ ಕಿತ್ತು ಮೇಲೆ ಬಂತು, ಕೂದಲೆಳೆಯಷ್ಟು. ನಮಗೆ ಕಂಡೂ ಇರಲಿಲ್ಲ. ಚಾಚಾರಿಗೆ ಸದ್ದಿನಲ್ಲೇ ಗೊತ್ತಾಯಿತು ಅಂತ ಕಾಣುತ್ತದೆ. ಬಹಮನಿ ಸುಲ್ತಾನರ ಕತೆಯನ್ನು ಅರ್ಧಕ್ಕೆ ಬಿಟ್ಟು ಹೂಜಿ ಕಿತ್ತುಕೊಂಡರು. ಹುಡುಗನಿಗೆ ದಖ್ಖನಿಯಲ್ಲಿ ಏನೋ ಬೈದರು. ಗೀರು ಆಳ ಇಲ್ಲ ಅಂತ ಗೆಳೆಯ ಪಿಸುಗುಟ್ಟಿ ಹೇಳಿದ. ತಂತಿ ಪೂರ್ತಿ ಬಿಡಿಸಿದರು. ಉಳಿ ತಗೊಂಡು ಅದೇ ಗೀರನ್ನು ಮತ್ತೆ ತೋಡಿದರು. ಹೂಜಿಯನ್ನು ಎರಡು ಪಾದಗಳ ನಡುವೆ ಹಿಡಿದುಕೊಂಡು, ಉಳಿ ಒಂದೇ ಕಡೆ ಇಟ್ಟು, ಹೂಜಿಯನ್ನೇ ತಿರುಗಿಸುತ್ತಾ ಹೋದರು. ಹತ್ತು ನಿಮಿಷ ನಾವು ಅಲ್ಲಿ ಇರಲೇ ಇಲ್ಲ. ಮೊಬೈಲು ಎತ್ತುವುದು ಯಾರಿಗೂ ನೆನಪಾಗಲಿಲ್ಲ.

ತಂತಿ ಮತ್ತೆ ಕೂತಮೇಲೆ ಬೆರಳಿನಿಂದ ಸವರಿ ನೋಡಿ, ಹೂಜಿಯನ್ನು ನಮ್ಮ ಮುಂದೆ ಇಟ್ಟರು. ಅರ ಹಾಕಿದಮೇಲೆ ಸತುವೂ ಬೆಳ್ಳಿಯೂ ಒಂದೇ ಬಣ್ಣ. ಅಷ್ಟು ದಿನದ ಹೂಬಳ್ಳಿ ಕಣ್ಣಿಗೆ ಕಾಣುವುದೇ ಇಲ್ಲ, ಬೆರಳಿಗೂ ಸಿಗುವುದಿಲ್ಲ. ಹೆದರಿಕೆ ಆಗಲ್ವಾ ಇದನ್ನ ನೋಡಿದ್ರೆ ಅಂತ ಗೆಳೆಯ ಕೇಳಿದ. ಚಾಚಾ ನಕ್ಕು, ಮುಂಚೆಯೇ ಅರ ಹಾಕಿ ಇಟ್ಟಿದ್ದ ಒಂದು ಚಿಕ್ಕ ಡಬ್ಬಿ ಬಿಸಿ ಮಾಡಿದರು. ಮಣ್ಣು, ನವಸಾಗರ ಅನ್ನುವ ಲವಣ, ನೀರು ಕಲಸಿದ್ದನ್ನು ಉಜ್ಜಿದರು. ತೊಳೆದು ಎಣ್ಣೆ ಸವರಿದಾಗ ಸತು ಕಾಡಿಗೆಯಂತೆ ಕಪ್ಪಾಗಿತ್ತು, ಬೆಳ್ಳಿ ಬೆಳ್ಳಗೇ ಉಳಿದಿತ್ತು. ಆ ಡಬ್ಬಿಯ ಮುಚ್ಚಳದ ಮೇಲೆ ಒಂದು ಮೂಲೆಯಲ್ಲಿ ಮಾತ್ರ ಬಳ್ಳಿ ಇತ್ತು. ಉಳಿದದ್ದು ಖಾಲಿ, ಬರೀ ಕಪ್ಪು. ಅಂಗಡಿಗಳಲ್ಲಿ ನಾನು ನೋಡಿದ್ದೆಲ್ಲ ಕಿಕ್ಕಿರಿದ ಹೂವು. ಇಷ್ಟು ಜಾಗ ಯಾಕೆ ಖಾಲಿ ಬಿಟ್ರಿ ಚಾಚಾ ಅಂದೆ.

ಡಬ್ಬಿಯನ್ನು ಒಂದು ಸಲ ತಿರುಗಿಸಿ ನೋಡಿದರು. "ನಮ್ಮ ಅಬ್ಬಾ ಇದ್ದಾಗ ಒಂದು ಬೆರಳು ಜಾಗಾ ಬಿಡಂಗಿರಲಿಲ್ಲರಿ. ಬೈತಿದ್ರು. ಅವರು ಹೋದಮ್ಯಾಲೆ ಬಿಡ್ಲಾಕ್ ಸುರು ಮಾಡ್ದೆ. ಬೆಳ್ಳಿ ನೋಡಬೇಕಂದ್ರ ಸರಾಫ್ ಅಂಗಡಿಗೆ ಹೋಗ್ರಿ. ಇಲ್ಲಿ ಕರಿ ಕಾಣಬೇಕು." ಆಮೇಲೆ ಸ್ವಲ್ಪ ಹೊತ್ತು ಬಿಟ್ಟು, ಕಣ್ಣು ಮಿಟುಕಿಸಿ, "ಬೆಳ್ಳಿ ರೇಟೂ ಏರ್ಯಾದ ನೋಡ್ರಿ" ಅಂದರು. ಹುಡುಗ ಮೊದಲ ಸಲ ತಲೆ ಎತ್ತಿ ನಕ್ಕ.

ನನಗೆ ಬೀದರಿನಿಂದ ಬಂದ ಉಡುಗೊರೆ ಅಂದರೆ ಇದೇ. ತೀರಿಹೋದ ಅಪ್ಪನ ಜೊತೆಗಿನ ಜಗಳ, ಕಪ್ಪಿನ ಮೇಲಿನ ಆಸೆ, ಬೆಳ್ಳಿಯ ರೇಟು. ಮೂರೂ ಒಂದೇ ಉಸಿರಿನಲ್ಲಿ. ಇದರಲ್ಲಿ ಯಾವುದು ನಿಜವಾದ ಕಾರಣ ಅಂತ ಕೇಳಿದರೆ ಚಾಚಾರಿಗೆ ನಮ್ಮ ಪ್ರಶ್ನೆಯೇ ತಿಳಿಯುತ್ತಿರಲಿಲ್ಲ ಅನ್ನಿಸುತ್ತದೆ. ಗ್ಯಾಲರಿ ಮಾತುಗಳಲ್ಲಿ ಮೊದಲನೆಯದು, ಎರಡನೆಯದು ಧಾರಾಳವಾಗಿ ಬರುತ್ತವೆ. ಮೂರನೆಯದು ಬರುವುದಿಲ್ಲ. ಬಾಡಿಗೆ, ಸಾಗಿಸುವ ಖರ್ಚು, ಮನೆಯ ಬಾಗಿಲಿನ ಅಗಲ ಇವೆಲ್ಲ ಎಷ್ಟು ಕಲಾಕೃತಿಗಳ ಅಳತೆ ತೀರ್ಮಾನಿಸಿವೆಯೋ. ಕೇಳುವವರು ಮುಜುಗರ ಪಡುತ್ತಾರೆ, ಹೇಳುವವರು ಸಣ್ಣವರಾಗುತ್ತೇವೆ ಅಂದುಕೊಳ್ಳುತ್ತಾರೆ. ಕಸಬಿನವರ ಹತ್ತಿರ ಮಾತ್ರ ದುಡ್ಡಿನ ಮಾತಿಗೆ ನಮಗೆ ಯಾವ ಮುಜುಗರವೂ ಇಲ್ಲ. ಚೌಕಾಸಿಯೂ ಮಾಡುತ್ತೇವೆ. ನಾನೂ ಮಾಡಿದೆ, ಆ ಡಬ್ಬಿಗೆ. ಇನ್ನೂರು ರೂಪಾಯಿ ಕಡಿಮೆ ಮಾಡಿಸಿಕೊಂಡು ಬಂದೆ. ಬಸ್ಸು ಹತ್ತಿದಮೇಲೆ ನಾಚಿಕೆ ಆಯಿತು, ಆದರೆ ಆಗ ಬಸ್ಸು ಹುಮನಾಬಾದ್ ದಾಟಿತ್ತು.

ಎಳಿ ಎಣಸೋದು

ಇಷ್ಟೆಲ್ಲ ಊರು ಸುತ್ತಿ ಕಲಿತಮೇಲೆ, ಮನೆಯಲ್ಲೇ ಇದ್ದವರನ್ನು ಏನೂ ಕೇಳಿಲ್ಲ ಅನ್ನುವುದು ತಡವಾಗಿ ಹೊಳೆಯಿತು. ಧಾರವಾಡದಲ್ಲಿ ನಮ್ಮ ದೊಡ್ಡವ್ವ ಇದ್ದಾಳೆ. ಎಪ್ಪತ್ನಾಲ್ಕು ವರ್ಷ. ನಮ್ಮ ಮನೆಯ ಎಲ್ಲ ಹೆಣ್ಣುಮಕ್ಕಳ ಮದುವೆಯ ಇಳಕಲ್ ಸೀರೆಗೂ ಕಸೂತಿ ಹಾಕಿದವಳು ಅವಳೇ. ತೇರು, ಗೋಪುರ, ತುಳಸಿಕಟ್ಟೆ, ಅಂಬಾರಿ ಆನೆ. ಅವಳು ಒಂದು ಮೂಲೆಯಲ್ಲಿ ಕನ್ನಡಕ ಏರಿಸಿಕೊಂಡು ಕೂತಿರುವುದು ಮನೆಯ ಗೋಡೆ ಗಡಿಯಾರದಷ್ಟೇ ಮಾಮೂಲಿ. ಯುಗಾದಿಗೆ ಹೋದಾಗ ಫೋನಿನಲ್ಲಿ ರೆಕಾರ್ಡಿಂಗ್ ಒತ್ತಿ ಅವಳ ಪಕ್ಕ ಇಟ್ಟೆ. ಹೆಂಗ ಮಾಡ್ತಿ ಇದನ್ನ, ಸ್ವಲ್ಪ ಹೇಳು ಅಂದೆ.

"ಹೆಂಗಂದ್ರ? ಎಳಿ ಎಣಸೋದು, ಹಾಕೋದು. ಅದರಾಗ ಹೇಳೂದೇನೈತಿ?" ಇನ್ನೂ ಸ್ವಲ್ಪ ಕಾಡಿದೆ. "ಬಾಯಿಲೆ ಹೇಳಿದ್ರ ಬರ್ತೈತೇನು? ಇಲ್ಲಿ ಕುಂದ್ರು." ಸೂಜಿ ನನ್ನ ಕೈಗೆ ಕೊಟ್ಟಳು. ದಿನವಿಡೀ ಕೀಬೋರ್ಡ್ ಕುಟ್ಟುವ ಬೆರಳುಗಳು ನನ್ನವು. ಕಸೂತಿಗೆ ಬಟ್ಟೆಯ ಮೇಲೆ ಚಿತ್ರ ಬರೆದುಕೊಳ್ಳುವಂತಿಲ್ಲ, ಗಂಟು ಹಾಕುವಂತಿಲ್ಲ. ಬಟ್ಟೆಯ ಎಳೆ ಎಣಿಸಿಕೊಂಡೇ ಗೋಪುರ ಏಳಬೇಕು. ಗವಂತಿ ಹೊಲಿಗೆಯಲ್ಲಿ ಹೋಗುವಾಗ ಒಂದು ಬಿಟ್ಟು ಒಂದು ಹಾಕುತ್ತಾ ಹೋಗಬೇಕು, ಬರುವಾಗ ಬಿಟ್ಟಿದ್ದನ್ನು ತುಂಬುತ್ತಾ ಬರಬೇಕು. ಮುಂದೆಯೂ ಹಿಂದೆಯೂ ಒಂದೇ ಥರ ಕಾಣಬೇಕು. ಹೋಗುವಾಗ ಒಂದು ಎಳೆ ತಪ್ಪಿದರೆ ಬರುವಾಗ ದಾರಿ ಸಿಗುವುದಿಲ್ಲ. ನಾನು ನಾಲ್ಕನೇ ಹೊಲಿಗೆಗೇ ತಪ್ಪಿದೆ. ಬಿಚ್ಚು ಅಂದಳು. ಮತ್ತೆ ತಪ್ಪಿದೆ. ಬಿಚ್ಚು ಅಂದಳು, ಅದೇ ದನಿಯಲ್ಲಿ. ಕಾಲು ಗಂಟೆಯಲ್ಲಿ ನನ್ನ ಕುತ್ತಿಗೆ ಹಿಡಿದುಕೊಂಡಿತು, ಕಣ್ಣಲ್ಲಿ ನೀರು ಬಂತು. ಅಡಿಗೆಮನೆಯಿಂದ ಅತ್ತಿಗೆ ಏನೋ ಕೇಳಿದರು, ನಾನು ಹೂಂ ಅಂದೆ, ಅಷ್ಟಕ್ಕೇ ಎಣಿಕೆ ಹೋಯಿತು.

ಸೂಜಿ ವಾಪಸ್ ಕೊಟ್ಟು, ಸೋತ ಸಿಟ್ಟಿನಲ್ಲಿ ಕೇಳಿದೆ: ಯಾಕರ ಇಷ್ಟು ವರ್ಷ ಮಾಡಿದಿ ದೊಡ್ಡವ್ವಾ ಇದನ್ನ? ಯಾರೂ ರೊಕ್ಕ ಕೊಟ್ಟಿಲ್ಲ, ಯಾರೂ ಕೇಳಲೂ ಇಲ್ಲ. ಉತ್ತರ ತಕ್ಷಣ ಬರಲಿಲ್ಲ. ರೆಕಾರ್ಡಿಂಗಿನಲ್ಲಿ ಅಷ್ಟು ಹೊತ್ತು ಫ್ಯಾನಿನ ಸದ್ದು ಮಾತ್ರ ಇದೆ. ಆಮೇಲೆ ಅವಳ ದನಿ, ತಲೆ ಬಗ್ಗಿಸಿಕೊಂಡೇ ಆಡಿದ್ದು.

"ಮನ್ಯಾಗ ಹದಿನೆಂಟು ಮಂದಿ ಇದ್ವಿ ತಮ್ಮಾ. ಕುಂತ್ರ ಕರಿಯೋರು, ನಿಂತ್ರ ಕರಿಯೋರು. ಇದನ್ನ ಹಿಡದಾಗ ಅಷ್ಟ ಯಾರೂ ಕರೀತಿದ್ದಿಲ್ಲ. ನಡುವ ಕರದ್ರ ಎಣಿಕಿ ತಪ್ಪತೈತಿ, ಎಲ್ಲಾ ಬಿಚ್ಚಬೇಕಾಕ್ಕತಿ ಅಂತ ನಮ್ಮ ಅತ್ತಿಗೂ ಗೊತ್ತಿತ್ತು. ಅಕಿನೂ ಹಾಕತಿದ್ಲಲ್ಲ."

ಇದನ್ನು ಕೇಳಿಸಿಕೊಂಡಮೇಲೆ ಆ ಸೀರೆಗಳನ್ನು ನಾನು ಬೇರೆ ಥರ ಲೆಕ್ಕ ಹಾಕತೊಡಗಿದೆ. ಅಕ್ಕನ ಸೆರಗಿನ ತೇರು ಅಂದರೆ ಎಷ್ಟು ಮಧ್ಯಾಹ್ನಗಳು. ಆ ಆನೆ, ಅದರ ಅಂಬಾರಿ, ಅದು ಒಂದು ಇಡೀ ಬೇಸಿಗೆ ಇರಬೇಕು. ಕಸೂತಿಯಲ್ಲಿ ಮೆಂತೆ ಹೊಲಿಗೆ, ಮುರಗಿ ಹೊಲಿಗೆಯೂ ಇದ್ದರೂ ಅವಳು ಗವಂತಿಯೇ ಜಾಸ್ತಿ ಹಾಕಿದ್ದು ಯಾಕೆ ಅಂತ ಕೇಳಬೇಕೆನ್ನಿಸಿತು. ಅತ್ತೆಯ ಬಗ್ಗೆಯೂ ಕೇಳಬೇಕಿತ್ತು, ಸೊಸೆಯನ್ನು ಕರೆಯದೆ ಬಿಟ್ಟ ಆ ಮುದುಕಿ ತಾನೂ ಹಾಗೇ ಕೂತಿದ್ದವಳಲ್ಲ. ಆ ರೆಕಾರ್ಡಿಂಗಿನಲ್ಲಿ ನನ್ನ ದನಿ ಮತ್ತೆ ಶುರುವಾಗುತ್ತದೆ: ಅಲ್ಲ ದೊಡ್ಡವ್ವಾ, ನಿಮ್ಮ ಅತ್ತಿ...

"ತಡಿ ತಮ್ಮಾ, ಎಣಸಾಕತ್ತೀನಿ."

ಆಮೇಲೆ ಆರು ನಿಮಿಷ ಇದೆ. ಫ್ಯಾನು, ಹೊರಗೆ ಯಾರದೋ ಬೈಕು, ಕುಕ್ಕರಿನ ಎರಡು ಸೀಟಿ. ಅವಳ ಬಾಯಿ ಸಣ್ಣಗೆ ಎಣಿಸುತ್ತಿರುವುದು ವಾಲ್ಯೂಮ್ ಪೂರ್ತಿ ಏರಿಸಿದರೆ ಮಾತ್ರ ಕೇಳಿಸುತ್ತದೆ.